ಜಗ್ಗಿ ನೋಡಿದ ಕೀಲಿ

ವಿಜಯಪುರದಿಂದ ಬಾಗಲಕೋಟೆಗೆ ಹೊರಟ ಬಸ್ಸು ಕೊಲ್ಹಾರದ ಸೇತುವೆ ಏರುತ್ತಿದ್ದಂತೆ ಯಾವುದೋ ಒಂದು ಸೀಟಿನಿಂದ ಆ ಪ್ರಶ್ನೆ ಏಳುತ್ತದೆ.

"ಏನ್ರೀ, ಕೀಲಿ ಹಾಕೀರಿಲ್ಲ?"

"ಹಾಕೇನಿ."

"ಜಗ್ಗಿ ನೋಡೀರೇನು?"

ಗಂಡನ ದನಿ ಅಲ್ಲಿಗೆ ಇಳಿಯುತ್ತದೆ. ಕೆಳಗೆ ಕೃಷ್ಣೆಯ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿದೆ. ನೋಡುವವರು ಯಾರು? ಇಬ್ಬರ ಕಣ್ಣೆದುರಿಗೂ ಮನೆಯ ಬಾಗಿಲೊಂದೇ. ಸುಮ್ಮನೆ ಕೂತಿದ್ದ ಅಕ್ಕಪಕ್ಕದವರೂ ತಮ್ಮ ತಮ್ಮ ಕೀಲಿ ನೆನೆದು ಕಿಸೆ ಮುಟ್ಟಿಕೊಳ್ಳುತ್ತಾರೆ. ಕೊಲ್ಹಾರದ ಗಡಿಗೆ ಮೊಸರು ಮಾರುವವನು ಕಿಟಕಿಗೆ ಬಂದರೆ ಅವನಿಗೂ ಯಾರೂ ಮುಖ ಕೊಡುವುದಿಲ್ಲ. ಈ ಪ್ರಶ್ನೆ ಬಸ್‌ಸ್ಟ್ಯಾಂಡಿನಲ್ಲೇ ಏಳಬಾರದೆ? ಇಳಿದು ಹೋಗಲಾರದಷ್ಟು ದೂರ ಬಂದ ಮೇಲೇ ಏಳುತ್ತದೆ. ಇದರ ಬಗ್ಗೆ ಒಂದು ತತ್ವದ ಮಾತಿದೆ, ಕೊನೆಗೆ ಹೇಳಿದರಾಯಿತು.

ಮೊದಲು ಈ ಜಗ್ಗುವ ಚಟದ ವಿಚಾರ. ನಮ್ಮ ಕಡೆ ಕೀಲಿ ಹಾಕಿದವರು ಮೂರು ಸಲ ಜಗ್ಗದೆ ಹೆಜ್ಜೆ ಎತ್ತುವುದಿಲ್ಲ. ಗೇಟಿನವರೆಗೆ ಹೋಗಿ ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುವವರೂ ಉಂಟು. ಜಗ್ಗಿದಾಗ ಪರೀಕ್ಷೆಯಾಗುವುದು ಕೀಲಿ. ಪೆಟ್ಟು ಬೀಳುವುದು ಮಾತ್ರ ಕೀಲಿ ಜೋತುಬಿದ್ದಿರುವ ಚಿಲಕದ ಸ್ಕ್ರೂಗಳಿಗೆ. ದಿನಕ್ಕೆರಡು ಸಲ ಹೊರಗೆ ಹೋದರೆ ಆರು ಜಗ್ಗು. ವರ್ಷಕ್ಕೆ ಎರಡು ಸಾವಿರ ದಾಟಿತು. ಕಳ್ಳ ಒಂದೇ ರಾತ್ರಿ ಮಾಡಬೇಕಾದ ಕೆಲಸದ ಅರ್ಧವನ್ನು ಮನೆಯ ಯಜಮಾನ ಕಂತಿನಲ್ಲಿ ಮಾಡಿಟ್ಟಿರುತ್ತಾನೆ.

ನಂಬಿಕೆ ಇಲ್ಲದಿದ್ದರೆ ಬಾಗಿಲ ಮುಂದೆ ಕೂತು ಚಿಲಕ ನೋಡಿ. ಎಂಟುನೂರು ರೂಪಾಯಿಯ ಹಿತ್ತಾಳೆ ಕೀಲಿ. ಅದನ್ನು ಹೊತ್ತ ಚಿಲಕವನ್ನು ಹಿಡಿದಿರುವುದು ಅರ್ಧ ಇಂಚಿನ ನಾಲ್ಕು ಸ್ಕ್ರೂ, ಅದೂ ಪೊಟ್ಟಣದಲ್ಲಿ ಪುಕ್ಕಟೆ ಬಂದವು. ಆ ನಾಲ್ಕರಲ್ಲಿ ಮೂರನ್ನು ಬಡಿಗ ತಿರುವಿರುವುದೇ ಇಲ್ಲ, ಸುತ್ತಿಗೆಯಿಂದ ಬಡಿದಿರುತ್ತಾನೆ. ಸ್ಕ್ರೂವಿನ ಮೈಗೆ ಸುರುಳಿ ಗೆರೆ ಇರುವುದೇ ತಿರುಗುತ್ತ ಕಟ್ಟಿಗೆಯ ಎಳೆಗಳನ್ನು ಕಚ್ಚಲಿ ಎಂದು. ಬಡಿದರೆ ಎಳೆ ಹರಿದು ತೂತು ಸಡಿಲಾಗುತ್ತದೆ, ಸ್ಕ್ರೂ ಮೊಳೆಗಿಂತ ಕಡೆಯಾಗುತ್ತದೆ. "ಯಾಕೋ ಮಾರಾಯಾ, ತಿರುವಬಾರದೇನು?" ಎಂದರೆ "ಏನಾಗಂಗಿಲ್ರೀ, ಗಟ್ಟಿ ಕುಂತೈತಿ" ಎನ್ನುತ್ತಾನೆ. ಕುಂತದ್ದು ನಿಜ. ಒಂದು ಮೊಳದ ಕಬ್ಬಿಣದ ಸಲಾಕೆ ಚಿಲಕದ ಹಿಂದೆ ತೂರಿಸಿ ಮೀಟಿದರೆ ಏಳುವುದೂ ಅಷ್ಟೇ ಸಲೀಸು. ಬೆಳಿಗ್ಗೆ ನೋಡಿದರೆ ಕೀಲಿ ಇದ್ದಂತೆಯೇ ಇರುತ್ತದೆ, ಹಾಕಿದ್ದು ಹಾಕಿದಂತೆಯೇ, ಚಿಲಕದ ಸಮೇತ ಅಂಗಳದಲ್ಲಿ.

ಮದ್ದು ದುಬಾರಿಯದಲ್ಲ. ಚಿಲಕಕ್ಕೆ ಸ್ಕ್ರೂ ಬೇಡ, ಬೋಲ್ಟ್ ಹಾಕಿಸಬೇಕು. ಎಂಟು ಮಿಲಿಮೀಟರ್ ದಪ್ಪದ್ದು, ಹೊರಗಿನ ತಲೆ ಗುಂಡಗಿದ್ದು ಪಾನಾ ಹಿಡಿಯಲು ಆಸ್ಪದ ಇಲ್ಲದ್ದು. ಬಾಗಿಲು ಒಂದೂಕಾಲು ಇಂಚು ದಪ್ಪವಿದ್ದರೆ ಎರಡು ಇಂಚಿನ ಬೋಲ್ಟ್ ಸಾಕು. ಆರಪಾರ ತೂತು ಕೊರೆದು, ಒಳಗೆ ಅಗಲವಾದ ವಾಷರ್ ಕೂರಿಸಿ, ನಟ್ ಬಿಗಿದು, ಉಳಿದ ತುದಿಯನ್ನು ಬಡಿದು ಚಪ್ಪಟೆ ಮಾಡಿಬಿಡಬೇಕು. ವಾಷರ್ ಬಿಟ್ಟರೆ ನಟ್ ಕಟ್ಟಿಗೆಯೊಳಗೆ ಹೂತು ಬಾಗಿಲೇ ಸೀಳುತ್ತದೆ. ಚೌಕಟ್ಟಿನ ಕಡೆ ಬೋಲ್ಟ್ ಹಾಯಿಸಲು ಜಾಗ ಇರದಿದ್ದರೆ ಎರಡೂವರೆ ಮೂರು ಇಂಚಿನ ಸ್ಕ್ರೂ. ಅದಕ್ಕೆ ಮೊದಲು ಸಣ್ಣ ತೂತು ಕೊರೆದು, ಸ್ಕ್ರೂವಿಗೆ ತುಸು ಸಾಬೂನು ಒರೆಸಿ, ತಿರುವಬೇಕು. ತಿರುವಬೇಕು ಎಂದು ಇನ್ನೊಮ್ಮೆ ಬರೆಯುತ್ತೇನೆ. ಚಿಲಕ ಮಡಚಿದಾಗ ಅದರ ಪಟ್ಟಿ ಈ ತಲೆಗಳನ್ನೆಲ್ಲ ಮುಚ್ಚಬೇಕು. ಹೊರಗೆ ಕಾಣುವ ಸ್ಕ್ರೂ ಯಾರು ಬೇಕಾದರೂ ಬಿಚ್ಚಬಹುದಾದ ಸ್ಕ್ರೂ.

ಕೀಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂಬೈಯಲ್ಲಿ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಕೀಲಿ ಮಾಡಲು ಕೂತಂದಿನಿಂದ ಅದರ ಹೊಟ್ಟೆಯೊಳಗಿನ ಲಿವರುಗಳ, ಅಂದರೆ ಕೀಲಿಕೈ ಎತ್ತುವ ಪಟ್ಟಿಗಳ, ಎಣಿಕೆಯನ್ನು ಅಂಗಡಿಯವರು ಮಂತ್ರದಂತೆ ಹೇಳುತ್ತ ಬಂದಿದ್ದಾರೆ: ಆರು ಲಿವರ್, ಏಳು ಲಿವರ್, ಎಂಟು ಲಿವರ್. ತಂತಿ ಹಾಕಿ ಲಿವರ್ ಎತ್ತುವಷ್ಟು ವ್ಯವಧಾನ ಇದ್ದವನು ಕಳ್ಳತನಕ್ಕೆ ಯಾಕೆ ಬರುತ್ತಾನೆ, ವಾಚು ರಿಪೇರಿ ಅಂಗಡಿ ಇಡುತ್ತಾನೆ. ನೋಡಬೇಕಾದದ್ದು ಬಾಗಿದ ಕಂಬಿ: ಹತ್ತು ಮಿಲಿಮೀಟರಿಗೆ ಕಡಿಮೆ ಬೇಡ, ಮತ್ತು ಹಾಕಿದಾಗ ಹಾರಿಯ ತುದಿ ತೂರದಷ್ಟು ಗಿಡ್ಡಗಿರಬೇಕು. ಇನ್ನೊಂದು, ಕೊಬ್ಬರಿ ಎಣ್ಣೆ. ಬ್ಯಾಸಗಿಯ ಧೂಳಿಗೆ ಬಿಗಿದ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುವ ಪದ್ಧತಿ ಮನೆಮನೆಯಲ್ಲಿದೆ. ವಾರದಲ್ಲಿ ಎಣ್ಣೆ ಧೂಳು ಕೂಡಿ ಒಳಗೆ ಅಂಟಾಗುತ್ತದೆ. ಪೆನ್ಸಿಲಿನ ಸೀಸ ಕೆರೆದ ಪುಡಿ ಊದಿದರೆ ಸಾಕು.

ಕೀಲಿಕೈ ಇಡುವ ಜಾಗಗಳನ್ನೂ ಬರೆಯುವುದಿಲ್ಲ. ತುಳಸಿಕಟ್ಟೆ, ಮೀಟರಿನ ಪೆಟ್ಟಿಗೆ, ಹಳೆ ಚಪ್ಪಲಿ: ಇವು ನಿಮಗೂ ಗೊತ್ತು, ಅವನಿಗೂ ಗೊತ್ತು.

ಹಾಗೆ ನೋಡಿದರೆ ಕೀಲಿ ಇಲ್ಲದ ಒಂದೇ ಒಂದು ತಿಜೋರಿ ನಮ್ಮ ಸೀಮೆಯಲ್ಲಿತ್ತು. ಅದರ ಮಾತು ಬಂದ ಮೇಲೆ ಬೇಗ ಬಿಡುವುದು ಕಷ್ಟ. ಹಗೇವು.

ಈಗಿನ ಹುಡುಗರಿಗೆ ಹಗೇವು ಅಂದರೆ ಹಾಳುಬಿದ್ದ ಗುಂಡಿ, ಬಿದ್ದೀಯಾ ಎಂದು ಹಿರಿಯರು ಬಯ್ಯುವ ಜಾಗ. ಮನೆಯ ಮುಂದಿನ ಅಂಗಳದಲ್ಲೋ ಊರ ಬಯಲಿನಲ್ಲೋ, ನೀರು ನಿಲ್ಲದ ಗಟ್ಟಿ ಗರಸು ನೆಲ ನೋಡಿ, ಕಾಳು ಕೂಡಿಡಲು ಅಗೆಯುತ್ತಿದ್ದರು. ಬಾಯಿ ಒಬ್ಬ ಆಳು ಕೈ ಮೇಲೆತ್ತಿ ಇಳಿಯುವಷ್ಟೇ. ಕೆಳಗೆ ಇಳಿದಂತೆಲ್ಲ ಹೊಟ್ಟೆ ಅಗಲ, ಥೇಟ್ ಗಡಿಗೆಯ ಹಾಗೆ. ತಳಕ್ಕೂ ಸುತ್ತಲಿನ ಗೋಡೆಗೂ ಒಣಗಿದ ಕಣಿಕೆ, ಹುಲ್ಲು ಒತ್ತಿ ಮೆತ್ತೆ ಕಟ್ಟುತ್ತಿದ್ದರು, ನೆಲದ ಥಂಡಿ ಕಾಳಿಗೆ ತಾಗದಿರಲಿ ಎಂದು. ಈ ಮೆತ್ತೆಯಲ್ಲಿ ಜಿಪುಣತನ ಮಾಡಿದವನ ಜೋಳ ಅಂಚಿನಲ್ಲಿ ಮುಗ್ಗುತ್ತಿತ್ತು. ಜೋಳವನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಹಲ್ಲಿಗೆ ಹಾಕಿದರೆ ಕಟಕ್ ಎನ್ನಬೇಕು, ಬಾಯಿತನಕ ಸುರಿದು, ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ಮಣ್ಣು. ಮಳೆನೀರು ಇಳಿಯದಂತೆ ಮಣ್ಣನ್ನು ದಿಬ್ಬವಾಗಿ ಬಡಿದು ಸಾರಿಸಿದರೆ ಮುಗಿಯಿತು. ಎತ್ತು ಕಟ್ಟಿದರೂ ಆಯಿತು, ಹೊರಸು ಹಾಕಿ ಮಲಗಿದರೂ ಆಯಿತು. ಒಳಗೆ ಹತ್ತಾರು ಚೀಲ ಜೋಳ ವರ್ಷಗಟ್ಟಲೆ ಮಲಗಿರುತ್ತಿತ್ತು.

ಕಾಳೂ ಅದರೊಳಗಿನ ನುಸಿಯೂ ಉಸಿರಾಡಿ ಒಳಗಿನ ಆಮ್ಲಜನಕ ತೀರಿಹೋಗುತ್ತದೆ, ಇಂಗಾಲದ ಡೈಆಕ್ಸೈಡು ತುಂಬುತ್ತದೆ. ಅದು ಗಾಳಿಗಿಂತ ಭಾರ. ಬಾಯಿ ತೆಗೆದರೂ ತಳ ಬಿಟ್ಟು ಏಳುವುದಿಲ್ಲ. ನುಸಿ ಸಾಯುತ್ತದೆ, ಔಷಧದ ಗುಳಿಗೆ ಬೇಡ. ಅವಸರ ಮಾಡಿ ಇಳಿದ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಇಳಿದವನ ಸೊಂಟಕ್ಕೂ ಹಗ್ಗ, ಮೇಲೆ ಹಿಡಿಯಲು ಇಬ್ಬರು. ಕೆಳಗಿದ್ದವನ ಮಾತು ನಿಂತರೆ ಜಗ್ಗಬೇಕು, ಹಿಂದೆಯೇ ಇನ್ನೊಬ್ಬ ಹಾರಬಾರದು. ಜಗ್ಗುವುದಕ್ಕೆ ಅರ್ಥವಿದ್ದ ಜಾಗ ಅದೊಂದೇ.

ಈಗ ಕಳ್ಳನ ಪಾಡು ಯೋಚಿಸಿ. ದಿಬ್ಬ ಒಡೆಯಬೇಕು, ಗುದ್ದಲಿಯ ಸಪ್ಪಳಕ್ಕೆ ನಾಯಿ ಏಳುತ್ತದೆ. ಚಪ್ಪಡಿ ಸರಿಸಲು ಮೂರು ಜನ. ಗಾಳಿಯಾಡಲು ಬಿಟ್ಟು ಕಾಯುತ್ತ ಕೂತರೆ ಬೆಳಗಾಗುತ್ತದೆ, ಕಾಯದೆ ಇಳಿದರೆ ಹೆಣ. ಎಲ್ಲ ಗೆದ್ದು ಮೇಲೆತ್ತಿದರೂ ಕೈಗೆ ಬಂದದ್ದು ಕ್ವಿಂಟಲ್ ತೂಕದ ಚೀಲ, ಸಾಗಿಸಲು ಚಕ್ಕಡಿ ಬೇಕು. ಇಷ್ಟೆಲ್ಲ ಆಗಿ, ಹಗೇವಿನ ಜೋಳಕ್ಕೊಂದು ವಾಸನೆ ಉಂಟು; ರೊಟ್ಟಿ ಬಡಿದರೆ ಓಣಿಗೆಲ್ಲ ತಿಳಿಯುತ್ತದೆ. ಕದ್ದ ಮಾಲು ತಾನೇ ಚಾಡಿ ಹೇಳುವ ಇಂಥ ತಿಜೋರಿ ಯಾವ ಕಂಪನಿಯೂ ಮಾಡಿಲ್ಲ. ಆಮೇಲೆ ಕಾಲುವೆ ಬಂದು ಕೆಲವು ಕಡೆ ನೆಲ ತೇವವಾಯಿತು, ಗೋದಾಮು ಬಂತು, ರೇಷನ್ ಅಕ್ಕಿ ಬಂತು. ಆಲಮಟ್ಟಿಯ ಹಿನ್ನೀರಿನಲ್ಲಿ ಊರುಗಳೇ ಮುಳುಗಿದ ಮೇಲೆ ಹಗೇವನ್ನು ಕೇಳುವವರು ಯಾರು.

ಅದೇ ಕಾಲದ ಕಳ್ಳನಿಗೂ ಒಂದು ಕಸುಬಿತ್ತು ಎನ್ನಬೇಕು. ಎರಡು ಮೊಳ ದಪ್ಪದ ಮಣ್ಣಿನ ಗೋಡೆಗೆ ಸಪ್ಪಳಾಗದಂತೆ ಕನ್ನ ಕೊರೆಯುತ್ತಿದ್ದ. ಈಗ ಪೇಪರಿನಲ್ಲಿ "ಮನೆಗೆ ಕನ್ನ" ಎಂದು ತಲೆಬರಹ ಹಾಕುತ್ತಾರೆ. ಓದಿದರೆ ಚಿಲಕ ಮೀಟಿದ್ದು. ಕನ್ನ ಎಲ್ಲಿ ಬಂತು? ಪೊಲೀಸರಾದರೂ ವಾಸಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 331 (ಮನೆ ಒಡೆದದ್ದು), 305 (ಮನೆಯೊಳಗಿನ ಕಳವು) ಎಂದು ಸರಿಯಾದ ಅಂಕಿ ಬರೆಯುತ್ತಾರೆ.

ಹಗೇವು ಹೋಗಿ ಬಂದದ್ದು ಕಬ್ಬಿಣದ ಕಪಾಟು. ನಮ್ಮ ಕಡೆ ಅದಕ್ಕೇ ತಿಜೋರಿ ಅಂತ ಹೆಸರು. ತಗಡು ಒಂದು ಮಿಲಿಮೀಟರೂ ಇರುವುದಿಲ್ಲ, ದೊಡ್ಡ ಸ್ಕ್ರೂಡ್ರೈವರಿಗೆ ಬಾಯಿ ಬಿಡುತ್ತದೆ. ಅದರ ಕೀಲಿಕೈ ಅದರ ನೆತ್ತಿಯ ಮೇಲೆಯೇ, ಪೇಪರಿನ ಕೆಳಗೆ. ಈಚೆಗೆ ನಂಬರ್ ಒತ್ತುವ ಸಣ್ಣ ಡಬ್ಬಿಗಳು ಬಂದಿವೆ. ಹತ್ತು ಹನ್ನೆರಡು ಕಿಲೋ ತೂಕ. ಬಿಚ್ಚುವ ತೊಂದರೆಯೇ ಬೇಡ ಎಂದು ಕಳ್ಳರು ಡಬ್ಬಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಅದರ ಬೆನ್ನಿಗೂ ತಳಕ್ಕೂ ತೂತುಗಳನ್ನು ಕಂಪನಿಯವರು ಸುಮ್ಮನೆ ಕೊಟ್ಟಿಲ್ಲ. ಕಾಂಕ್ರೀಟಿನ ನೆಲಕ್ಕೆ ಅಥವಾ ಗಟ್ಟಿ ಗೋಡೆಗೆ ನಾಲ್ಕು ಆ್ಯಂಕರ್ ಬೋಲ್ಟ್ ಹೊಡೆಸಬೇಕು. ಒಳಟೊಳ್ಳು ಇಟ್ಟಿಗೆಯ ಗೋಡೆಗೆ ಹೊಡೆಸಿದರೆ ಗೋಡೆಯ ಚೂರಿನ ಸಮೇತ ಬರುತ್ತದೆ. ಬ್ಯಾಂಕಿನ ಲಾಕರೇ ಲೇಸು ಎನ್ನುವವರು ಒಂದು ಲೆಕ್ಕ ತಿಳಿದಿರಲಿ: 2022ರ ಜನವರಿಯಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಳವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿಗೆ ಮಾತ್ರ. ಎರಡು ಸಾವಿರ ಬಾಡಿಗೆಗೆ ಎರಡು ಲಕ್ಷ. ಅಜ್ಜಿಯ ಟೀಕಿಯ ಸರ ಎಷ್ಟು ತೊಲಿ ಎಂದು ನೀವೇ ಗುಣಿಸಿಕೊಳ್ಳಿ. ಬಂಗಾರದ ಫೋಟೋ, ಬಿಲ್ಲು, ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಯ ಸಂಖ್ಯೆ ಬರೆದಿಡುವುದಕ್ಕೆ ಐದು ನಿಮಿಷ ಸಾಕು. ಕಳೆದ ಮೇಲೆ ಠಾಣೆಯಲ್ಲಿ "ಹಿಂಗ ದಪ್ಪಗ, ಅಂಚಿಗೆ ಹೂವಿನ ಡಿಜಾಯಿನ್" ಎಂದು ಕೈಯಲ್ಲಿ ತೋರಿಸುವುದು ತಪ್ಪುತ್ತದೆ.

ಕ್ಯಾಮರಾ ಮಾರುವವರ ಉಪಟಳ ಬೇರೆ. ನಾಲ್ಕು ಕಣ್ಣು ಗೋಡೆಗೆ ಹೊಡೆದು, ಅವು ಕಂಡದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಪೆಟ್ಟಿಗೆಯನ್ನು ಟಿ.ವಿ. ಪಕ್ಕದಲ್ಲಿಟ್ಟು ಹೋಗುತ್ತಾರೆ. ಕಳ್ಳ ಟಿ.ವಿ. ಬಿಟ್ಟು ಅದನ್ನೇ ಒಯ್ಯುತ್ತಾನೆ. ಪೆಟ್ಟಿಗೆ ಅಟ್ಟದ ಮೇಲೋ ಬೀಗವಿದ್ದ ಕಪಾಟಿನಲ್ಲೋ ಗಾಳಿಯಾಡುವಂತೆ ಇರಬೇಕು, ಇನ್ವರ್ಟರಿನ ಲೈನಿಗೆ ಸೇರಿರಬೇಕು. ಎಂಟೊಂಬತ್ತು ಅಡಿಗಿಂತ ಎತ್ತರಕ್ಕೆ ಹಾಕಿದ ಕ್ಯಾಮರಾ ಕಳ್ಳನ ಟೊಪ್ಪಿಗೆಯ ಚಿತ್ರ ಮಾತ್ರ ಚಂದ ತೆಗೆಯುತ್ತದೆ. ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿ ಅದರದೇ ಬೆಳಕು ಬಲೆಗೆ ಬಡಿದು ಚಿತ್ರವೆಲ್ಲ ಬಿಳಿ. ಹದಿನೈದು ದಿನಕ್ಕೊಮ್ಮೆ ಒರೆಸುವವರು ಯಾರು ಎನ್ನುವುದು ತೀರ್ಮಾನ ಆಗದೆ ಕ್ಯಾಮರಾ ಕೊಳ್ಳಬಾರದು.

ಇಷ್ಟೆಲ್ಲ ಬಂದೋಬಸ್ತು ಮಾಡಿದ ಮನೆಯವರೇ ಐನೂರು ಲಗ್ನಪತ್ರಿಕೆ ಹಂಚುತ್ತಾರೆ. ಅಕ್ಷತಾ ಮಧ್ಯಾಹ್ನ 12-35ಕ್ಕೆ, ಸ್ಥಳ ಇಂಥದ್ದು, ಸಹಕುಟುಂಬ ಸಪರಿವಾರ. ಮನೆ ಖಾಲಿ ಇರುವ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ, ಅರಿಶಿನ ಹಚ್ಚಿ, ವಿಳಾಸದೊಂದಿಗೆ ಕಳಿಸಿದ ಹಾಗಾಯಿತು. ಗೋಳಗುಮ್ಮಟದಲ್ಲಿ ಪಿಸುಗುಟ್ಟಿದ್ದು ಆಚೆ ಬದಿಗೆ ಕೇಳುವುದು ನೋಡಿ ಅಚ್ಚರಿಪಡುವ ಮಂದಿ, ಬನಶಂಕರಿ ಜಾತ್ರೆಯ ತೇರಿನ ಮುಂದೆ ನಿಂತು ವಾಟ್ಸ್‌ಆ್ಯಪಿನಲ್ಲಿ ಸ್ಟೇಟಸ್ ಹಾಕುತ್ತಾರೆ. ಮತ್ತೆ ಮನೆಯಲ್ಲಿ ಜನ ಇದ್ದಾರೆಂದು ತೋರಿಸಲು ಅಂಗಳದ ಬಲ್ಬು ಹಚ್ಚಿಟ್ಟು ಬಂದಿರುತ್ತಾರೆ. ಅದು ಮರುದಿನ ಮಧ್ಯಾಹ್ನದ ಉರಿಬಿಸಿಲಿನಲ್ಲೂ ಉರಿಯುತ್ತ, ಬಾಗಿಲಿಗೆ ರಂಗೋಲಿ ಇಲ್ಲ, ಕಟ್ಟೆಯ ಮೇಲೆ ಎರಡು ದಿನದ ಪೇಪರು, ಯಾರೂ ಇಲ್ಲ ಬರ್ರಿ ಎಂದು ಕರೆಯುತ್ತಿರುತ್ತದೆ. ಕತ್ತಲಾದರೆ ತಾನೇ ಹತ್ತಿ ಬೆಳಗಾದರೆ ಆರುವ ಸೆನ್ಸರ್ ಬಲ್ಬು ಯಾವ ಅಂಗಡಿಯಲ್ಲೂ ಸಿಗುತ್ತದೆ. ರಂಗೋಲಿಗೆ ಬಾಜೂಮನೆಯ ಅವ್ವನೇ ಗತಿ. ಆಕೆಯ ಸಂಗಡ ಜಗಳ ಮಾಡಿಕೊಂಡು ಕ್ಯಾಮರಾಕ್ಕೆ ಮೂವತ್ತು ಸಾವಿರ ಸುರಿಯುವವರಿಗೆ ಏನು ಹೇಳುವುದು.

ಹಾಂ, ಆ ತತ್ವದ ಮಾತು. ಮನುಷ್ಯ ಕೀಲಿಯನ್ನು ಜಗ್ಗುವುದು ಯಾಕೆಂದರೆ...

ಬಸ್ಸು ಗದ್ದನಕೇರಿ ಕ್ರಾಸಿಗೆ ಬಂದಿದೆ. ಗಂಡ ಇಷ್ಟು ಹೊತ್ತಿಗೆ ತಾನು ಜಗ್ಗಿದ್ದೇನೆಂದು ಪೂರಾ ನೆನಪಿಸಿಕೊಂಡು, ಮೂರು ಸಲ ಎಂದು ಬೆರಳು ತೋರಿಸಿ, ನಿರಾಳವಾಗಿ ಕಾಲು ಚಾಚಿದ್ದಾನೆ. ಹೆಂಡತಿ ಒಂದು ಗಳಿಗೆ ಸುಮ್ಮನಿದ್ದಳು.

"ಅಲ್ರೀ, ರಾತ್ರಿ ಮಾಳಿಗಿ ಮ್ಯಾಲೆ ಮಲಗಿದ್ವಲ್ಲ. ಮ್ಯಾಲಿನ ಬಾಗಲಾ ಯಾರು ಹಾಕ್ಯಾರ?"