ಹಳೇ ಮನೆ ಸಾಲದ ಜೊತೆ ಬಂದ ಇನ್ಶೂರೆನ್ಸ್

ಮೊನ್ನೆ ಹಾಸನದಿಂದ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಮನೆ ಸಾಲ ಮಂಜೂರಾಯ್ತು. ಆದ್ರೆ ಇನ್ಶೂರೆನ್ಸ್ ತಗೊಳ್ಳೇಬೇಕಂತೆ, ಪ್ರೀಮಿಯಂನ ಸಾಲಕ್ಕೇ ಸೇರಿಸ್ತಾರಂತೆ" ಅಂದ. ಕೇಳಿದ ಕೂಡಲೇ ನನಗೆ ಲೆಸ್ಟರ್‌ನ ನಮ್ಮ ಹಳೇ ಮನೆ ನೆನಪಾಯಿತು.

2003ರಲ್ಲಿ ಇಂಗ್ಲೆಂಡಿನಲ್ಲಿ ನಾವು ಮೊದಲ ಮನೆ ತಗೊಂಡೆವು. ನಮ್ಮವರು ಆಗ ಐಟಿ ಕಾಂಟ್ರಾಕ್ಟರ್. ಯಾವ ಕಂಪನಿಯ ನೌಕರಿಯಲ್ಲೂ ಇರಲಿಲ್ಲ. ಸಾಲದ ಅರ್ಜಿಯ ಜೊತೆ ಬ್ಯಾಂಕಿನವರು ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್‌ನ ಕಾಗದವನ್ನೂ ಮುಂದಿಟ್ಟರು. ಇಲ್ಲಿ ಎಲ್ಲರೂ ಅದನ್ನು ಪಿಪಿಐ ಅಂತಾರೆ. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಒಂದಷ್ಟು ತಿಂಗಳು ಕಂತು ಅವರೇ ಕಟ್ಟುತ್ತಾರಂತೆ. ಇದಿದ್ದರೆ ಸಾಲ ಬೇಗ ಪಾಸಾಗುತ್ತೆ ಅಂತಲೂ ಅಂದರು. ಊರೂ ಹೊಸದು, ಸಾಲವೂ ಹೊಸದು. ಸಹಿ ಹಾಕಿದೆವು. ತಿಂಗಳಿಗೆ 34 ಪೌಂಡ್.

2009ರಲ್ಲಿ ನಮ್ಮವರ ಕೆಲಸ ನಿಂತಿತು. ಕ್ಲೇಮ್ ಹಾಕಿದೆವು. ಕಾಂಟ್ರಾಕ್ಟ್ ಮುಗಿದರೆ ಅದು ಕೆಲಸ ಕಳೆದುಕೊಂಡ ಹಾಗಲ್ಲ, ನಿಮಗೆ ಇದು ಅನ್ವಯಿಸೋದಿಲ್ಲ ಅಂತ ಉತ್ತರ ಬಂತು. ಆರು ವರ್ಷ ಕಟ್ಟಿದ್ದು ನಮಗೆ ಯಾವತ್ತೂ ಸಿಗದ ಪರಿಹಾರಕ್ಕೆ. ಪಾಲಿಸಿ ನಿಲ್ಲಿಸಿ ಸುಮ್ಮನಾದೆವು. ಸಹಿ ಹಾಕಿದ್ದು ನಾವೇ ಅಲ್ವಾ, ಯಾರನ್ನು ಕೇಳೋದು ಅನ್ನಿಸಿತ್ತು.

ಹತ್ತು ವರ್ಷ ಹೀಗೇ ಹೋಯಿತು. ತಪ್ಪಾಗಿ ಮಾರಿದ ಪಿಪಿಐ ಬಗ್ಗೆ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳಲು 2019ರ ಆಗಸ್ಟ್ 29 ಕೊನೇ ದಿನ ಅಂತ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಜುಲೈನಲ್ಲಿ ಒಂದು ಭಾನುವಾರ ಅಟ್ಟ ಹತ್ತಿ ಹಳೇ ಕಾಗದದ ಡಬ್ಬ ಇಳಿಸಿದೆ. ಅರ್ಜಿಯ ನಕಲು ಸಿಕ್ಕಿತು. ಉದ್ಯೋಗದ ಜಾಗದಲ್ಲಿ 'ಸ್ವಂತ ಉದ್ಯೋಗ' ಅಂತ ಬರೆದಿತ್ತು. ನಮ್ಮ ಕೈಬರಹ ಅಲ್ಲ, ಬ್ಯಾಂಕಿನವರದ್ದೇ. ಅದರ ಎರಡು ಇಂಚು ಕೆಳಗೆ, ಅದೇ ಪೆನ್ನಿನಲ್ಲಿ, ಇನ್ಶೂರೆನ್ಸ್‌ಗೆ ಟಿಕ್. ಗೊತ್ತಿದ್ದೂ ಮಾರಿದ್ದರು. ಅವತ್ತು ಎಷ್ಟು ಸಿಟ್ಟು ಬಂತು ಅಂದರೆ, ಅಟ್ಟದ ಏಣಿ ಮೇಲೆ ಕೂತೇ ದೂರಿನ ಮೊದಲ ಸಾಲು ಬರೆದೆ.

ದೂರು ಒಂದೇ ಪುಟ. ಯಾವಾಗ ಮಾರಿದರು, ಏನು ಹೇಳಿದರು, ಏನು ಕೇಳಲಿಲ್ಲ, ಅಷ್ಟೇ. ಬರೆದುಕೊಡಲು ಕ್ಲೇಮ್ ಕಂಪನಿಗಳು ಬೇಕಾದಷ್ಟಿದ್ದವು. ಬಂದ ಹಣದಲ್ಲಿ 20% ವರೆಗೆ ತಗೊಳ್ಳುತ್ತಿದ್ದರು, ಮೇಲೆ ತೆರಿಗೆ. ಒಂದು ಪುಟ ಬರೆಯೋಕೆ ಅಷ್ಟು ಯಾಕೆ ಕೊಡಬೇಕು? ಬ್ಯಾಂಕು ಮೊದಲು ಆಗಲ್ಲ ಅಂತು. ಉತ್ತರ ಬಂದ ಆರು ತಿಂಗಳೊಳಗೆ ಫೈನಾನ್ಷಿಯಲ್ ಓಂಬಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆಯ ಹತ್ತಿರ ಹೋಗಬಹುದು, ಖರ್ಚಿಲ್ಲ. ಅವರಿಗೆ ಆ ಟಿಕ್ ಇದ್ದ ಪುಟದ ನಕಲು ಕಳಿಸಿದೆ. ಕಟ್ಟಿದ ಪ್ರೀಮಿಯಂ ಪೂರ್ತಿ ಬಂತು, ಮೇಲೆ ವರ್ಷಕ್ಕೆ 8% ಸರಳ ಬಡ್ಡಿ.

ಮೋಸ ಆಗಿದ್ದು ನಮಗೊಬ್ಬರಿಗೇ ಅಲ್ಲ. ಪ್ಲೆವಿನ್ ಅನ್ನೋ ಮಹಿಳೆ ಮನೆ ಅಡ ಇಟ್ಟು 34,000 ಪೌಂಡ್ ಸಾಲ ಮಾಡಿದ್ದರು. ಜೊತೆಗೆ ಮಾರಿದ ಪಿಪಿಐಗೆ 5,780 ಪೌಂಡ್. ಅದರಲ್ಲಿ ಶೇಕಡ 71ಕ್ಕೂ ಜಾಸ್ತಿ ಕಮಿಷನ್, ಅವರಿಗೆ ಹೇಳಿರಲೇ ಇಲ್ಲ. ಅದು ಅನ್ಯಾಯ ಅಂತ 2014ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2011ರಿಂದ 2019ರ ಕೊನೆವರೆಗೆ ಬ್ಯಾಂಕುಗಳು ಜನರಿಗೆ ವಾಪಸ್ ಕೊಟ್ಟಿದ್ದು 3,800 ಕೋಟಿ ಪೌಂಡ್‌ಗೂ ಜಾಸ್ತಿ. ಇಷ್ಟು ಹಣ ವಾಪಸ್ ಬಂದಿದ್ದು ಜನ ಕೂತು ದೂರು ಬರೆದಿದ್ದಕ್ಕೆ. ಆದರೂ ನಮ್ಮ ಕನ್ನಡದ ಗೆಳೆಯರಲ್ಲಿ ಎಷ್ಟೋ ಮಂದಿ ಬರೆಯಲೇ ಇಲ್ಲ. ಓದದೆ ಸಹಿ ಹಾಕಿದೆವು ಅಂತ ಹೇಳಿಕೊಳ್ಳೋಕೆ ನಾಚಿಕೆ. ಆ ನಾಚಿಕೆ ನಮಗೆ ಯಾಕೆ? ನಾಚಬೇಕಾದ್ದು ಉದ್ಯೋಗದ ಸಾಲು ಓದಿಯೂ ಟಿಕ್ ಹಾಕಿದವರು.

ತಮ್ಮನಿಗೂ ಇದನ್ನೇ ಹೇಳಿದೆ. ಭಾರತದಲ್ಲಿ ಮನೆ ಸಾಲಕ್ಕೆ ಜೀವ ವಿಮೆ ತಗೊಳ್ಳಲೇಬೇಕು ಅನ್ನೋ ಕಾನೂನಿಲ್ಲ. ಆಗಲೇ ತಗೊಂಡಿದ್ದರೂ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು. ದಿನ ದಾಟಿದ್ದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳು ಕಾದರೂ ನ್ಯಾಯ ಸಿಗದಿದ್ದರೆ ವಿಮಾ ಓಂಬಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲೇ ಇದೆ.

ನಿನ್ನೆ ಅವನು ಬ್ಯಾಂಕಿಗೆ ಹೋಗಿ, "ಕಡ್ಡಾಯ ಅಂತ ಬರೆದು ಕೊಡಿ ಸಾರ್" ಅಂತ ಕೇಳಿದನಂತೆ. ಯಾರೂ ಬರೆದು ಕೊಡಲಿಲ್ಲ. ಇನ್ಶೂರೆನ್ಸ್ ತೆಗೆದ ಹೊಸ ಪತ್ರ ಸೋಮವಾರ ಕೊಡ್ತಾರಂತೆ.