ಟೆಕ್ಸಾಸ್‌ನ ಕೆಂದಾಕಳು

ಸೆನೆಟರ್ ಟೆಡ್ ಕ್ರೂಜ್ ಸಾಹೇಬರನ್ನು ಎಲ್ಲರೂ ಸೇರಿ ಸುಮ್ಮನೆ ಗೋಳುಹೊಯ್ದುಕೊಂಡರು. 2025ರ ಜೂನ್‌ನಲ್ಲಿ ಸಂದರ್ಶನಕಾರ ಟಕರ್ ಕಾರ್ಲ್‌ಸನ್ ಎದುರು ಕೂತಾಗ ಇರಾನಿನ ಜನಸಂಖ್ಯೆ ಎಷ್ಟೆಂದು ಅವರಿಗೆ ಗೊತ್ತಿರಲಿಲ್ಲವಂತೆ. ಗೊತ್ತಿರಬೇಕಾದರೂ ಏಕೆ? ಬಾಂಬು ಹಾಕುವ ಮುಂಚೆ ತಲೆ ಎಣಿಸಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ನಗುವಂಥದ್ದು ಅದೇ ಮಾತುಕತೆಯ ಇನ್ನೊಂದು ಕಡೆ ಇತ್ತು. ಇಸ್ರೇಲನ್ನು ಹರಸಿದವರಿಗೆ ಹರಕೆ, ಶಪಿಸಿದವರಿಗೆ ಶಾಪ ಎಂದು ಬೈಬಲ್‌ನಲ್ಲಿದೆ, ಅದಕ್ಕೇ ನನ್ನ ಬೆಂಬಲ ಅಂದರು. ಎಲ್ಲಿದೆ ಅಂತ ಕೇಳಿದರೆ ಜಾಗ ನೆನಪಾಗಲಿಲ್ಲ.

ಆದಿಕಾಂಡ 12:3, ಸ್ವಾಮಿ. ದೇವರು ಅಬ್ರಾಮನಿಗೆ ಆಡಿದ ಮಾತದು, 'ನಿನ್ನನ್ನು ಹರಸುವವರನ್ನು' ಅಂತ. ಇಸ್ರಾಯೇಲ್ ಎಂಬ ಹೆಸರು ಕಾಣಿಸುವುದು ಇಪ್ಪತ್ತು ಅಧ್ಯಾಯ ಕಳೆದ ಮೇಲೆ, ಮೊಮ್ಮಗ ಯಾಕೋಬನಿಗೆ ಇಟ್ಟದ್ದು. ವಚನದ ಕೊನೆಯಲ್ಲಿ ಭೂಮಿಯ ಎಲ್ಲ ಕುಲದವರಿಗೂ ಆಶೀರ್ವಾದ ಉಂಟೆಂದು ಬೇರೆ ಇದೆ. ಅಷ್ಟು ದೂರ ಓದುವ ಪುರುಸೊತ್ತು ಸೆನೆಟಿನಲ್ಲಿ ಎಲ್ಲಿ ಸಿಗಬೇಕು?

ಅವರನ್ನೂ ದೂರುವಂತಿಲ್ಲ. ಅಬ್ರಾಮನಿಗೆ ಹೇಳಿದ್ದನ್ನು ಒಂದು ರಾಷ್ಟ್ರದ ವಿದೇಶಾಂಗ ನೀತಿಗೆ ಅಂಟಿಸಿದ್ದು ಅಡಿಟಿಪ್ಪಣಿ. ಡಲ್ಲಾಸ್‌ನಲ್ಲಿ ಪಾದ್ರಿಯಾಗಿದ್ದ ಮಾಜಿ ವಕೀಲ ಸ್ಕೋಫೀಲ್ಡ್ 1909ರಲ್ಲಿ ಒಂದು ಬೈಬಲ್ ಹೊರತಂದರು, ಛಾಪಿಸಿದ್ದು ಆಕ್ಸ್‌ಫರ್ಡ್. ಮೇಲೆ ದೇವರ ಮಾತು, ಕೆಳಗೆ ವಕೀಲರ ಮಾತು, ಎರಡೂ ಒಂದೇ ಪುಟದಲ್ಲಿ. ಯೆಹೂದಿಯನ್ನು ಕಾಡಿದ ಜನಾಂಗ ಕೆಟ್ಟಿತು, ಕಾಪಾಡಿದ್ದು ಉದ್ಧಾರವಾಯಿತು ಎಂಬರ್ಥದ ಟಿಪ್ಪಣಿ ಇರುವುದು ಇದೇ ವಚನದ ಮಾತಿನ ಬಗ್ಗೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಯಾವುದು ಮೇಲಿನದು, ಯಾವುದು ಕೆಳಗಿನದು ಎಂಬುದೇ ಓದುಗರಿಗೆ ಮರೆತುಹೋಯಿತು.

ಟೆಕ್ಸಾಸ್‌ನವರಿಗೆ ಈ ವಿಷಯದಲ್ಲಿ ಕೈಗುಣವೇ ಇದೆ. ಸೆನೆಟರ್ ಅಲ್ಲಿನವರು, ಟಿಪ್ಪಣಿ ಬರೆದವರು ಅಲ್ಲಿ ಪಾದ್ರಿಯಾಗಿದ್ದವರು, ಹಸುಗಳೂ ಅಲ್ಲಿನವೇ. ಹೌದು, ಆ ಐದು ಕೆಂದಾಕಳುಗಳು. 2022ರ ಸೆಪ್ಟೆಂಬರ್‌ನಲ್ಲಿ ವಿಮಾನವೇರಿ ಇಸ್ರೇಲಿನ ಬೆನ್ ಗುರಿಯನ್ ನಿಲ್ದಾಣದಲ್ಲಿ ಇಳಿದವಲ್ಲ, ಅವು. ಅಮೆರಿಕದಿಂದ ಇಸ್ರೇಲಿಗೆ ಜೀವಂತ ದನ ಸಾಗಿಸಲು ನಿಯಮದ ತೊಡಕಿತ್ತು, ಹಾಗಾಗಿ ಕಾಗದದಲ್ಲಿ 'ಸಾಕುಪ್ರಾಣಿ' ಎಂದು ಬರೆಸಿ ಕಳಿಸಿದರೆಂದು ಸುದ್ದಿಯಾಯಿತು. ಮುದ್ದಿನ ಬೆಕ್ಕು, ಮುದ್ದಿನ ನಾಯಿ, ಮುದ್ದಿನ ರೆಡ್ ಆ್ಯಂಗಸ್. ಸುಟ್ಟು ಬೂದಿ ಮಾಡುವುದಕ್ಕೆಂದೇ ಸಾಕಿದ ಮುದ್ದು.

ಬೂದಿ ಯಾಕೆ ಬೇಕು ಅನ್ನುವುದು ಅರಣ್ಯಕಾಂಡದ 19ನೇ ಅಧ್ಯಾಯದಲ್ಲಿದೆ. ಹೆಣ ಮುಟ್ಟಿದ ಮೈಲಿಗೆ ಹೋಗಬೇಕಾದರೆ ಕಳಂಕವಿಲ್ಲದ, ನೊಗ ಹೊರದ ಕೆಂಪು ಹಸುವನ್ನು ಪಾಳೆಯದ ಹೊರಗೆ ಕಡಿದು, ದೇವದಾರು, ಹಿಸ್ಸೋಪ್, ಕೆಂಪು ನೂಲಿನ ಜೊತೆ ಸುಡಬೇಕು. ಬೂದಿಗೆ ಹರಿಯುವ ನೀರು ಸೇರಿಸಿ ಮೂರನೆಯ ದಿನ ಒಮ್ಮೆ, ಏಳನೆಯ ದಿನ ಒಮ್ಮೆ ಚಿಮುಕಿಸಬೇಕು. ಶುದ್ಧಿಯಿಲ್ಲದೆ, ಜೆರುಸಲೇಮಿನ ಆ ಹಳೆಯ ದೇವಾಲಯ ಮತ್ತೆ ಎದ್ದರೂ, ಅಲ್ಲಿ ಸೇವೆಯಿಲ್ಲ.

ಹಸುವಿನ ಆಯ್ಕೆ ಮಾತ್ರ ಬಲು ಕಠಿಣ. ನಮ್ಮ ದನದ ಜಾತ್ರೆಯಲ್ಲಿ ಸುಳಿ ನೋಡಿ, ಹಲ್ಲು ನೋಡಿ, ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುವ ಗೌಡರೂ ಇಲ್ಲಿ ಕೈಮುಗಿದು ಎದ್ದುಹೋಗಬೇಕು. ರಬ್ಬಿಗಳ ಹಳೆಯ ಕಟ್ಟಳೆಗಳ ಸಂಕಲನವಾದ ಮಿಶ್ನಾ ಪ್ರಕಾರ ಒಂದೇ ರಂಧ್ರದಿಂದ ಎರಡು ಕೂದಲು ಕಪ್ಪಗೋ ಬೆಳ್ಳಗೋ ಹುಟ್ಟಿದರೆ ಹಸು ತಿರಸ್ಕೃತ. ಬೆನ್ನ ಮೇಲೆ ಹಕ್ಕಿ ಕೂತರೆ ತೊಂದರೆಯಿಲ್ಲ, ಯಾರಾದರೂ ಹೊದಿಕೆ ಹಾಕಿದರೆ ಹೋಯಿತು. ಹೊಳೆ ದಾಟುವಾಗ ಬಾಲ ಹಿಡಿದರೂ ಹೋಯಿತು. ಕಿವಿಗೆ ಬಿಲ್ಲೆ ಚುಚ್ಚಿದರೆ ಕಳಂಕ, ಬಿಲ್ಲೆಯಿಲ್ಲದ ದನ ಇಂದಿನ ಸರ್ಕಾರಕ್ಕೆ ಆಗದು. ಮೂರು ನಾಲ್ಕು ವರ್ಷದ್ದಾಗಿರಬೇಕು, ಬಹಳ ಕಾಯುವಂತೆಯೂ ಇಲ್ಲ, ಅಷ್ಟರಲ್ಲಿ ಎಲ್ಲೋ ಒಂದು ಕಪ್ಪು ಕೂದಲು ಇಣುಕಿಬಿಡುತ್ತದೆ. 1996ರಲ್ಲಿ ಇಸ್ರೇಲಿನಲ್ಲೇ ಹುಟ್ಟಿದ ಮೆಲೋಡಿ ಎಂಬ ಕರುವಿನ ಸುದ್ದಿ ಲೋಕವೆಲ್ಲ ಸುತ್ತಿತು. ಕೊನೆಗೆ ಬಾಲದಲ್ಲಿ ಬಿಳಿ ಕೂದಲು ಕಂಡು ಮಹಾಪ್ರಳಯ ಮುಂದಕ್ಕೆ ಹೋಯಿತು.

ಇನ್ನು ಸುಡುವ ಪುರೋಹಿತ. ಅವನು ಮೊದಲೇ ಶುದ್ಧನಿರಬೇಕು, ಶುದ್ಧನಾಗಲು ಹಳೆಯ ಬೂದಿ ಬೇಕು. ಅದಕ್ಕೆ ಜೆರುಸಲೇಮಿನವರು ಹೂಡಿದ್ದ ಉಪಾಯವೂ ಮಿಶ್ನಾದಲ್ಲಿದೆ. ನೆಲದಡಿ ಗೋರಿ ಇದ್ದೀತೆಂಬ ಭಯಕ್ಕೆ ಬಂಡೆಯ ಮೇಲೆ, ಕೆಳಗೆ ಟೊಳ್ಳು ಬಿಟ್ಟು ಅಂಗಳ ಕಟ್ಟಿಸಿ, ಬಸುರಿಯರನ್ನು ಅಲ್ಲಿಗೇ ಕರೆಸಿ ಹೆರಿಗೆ ಮಾಡಿಸಿ, ಮಕ್ಕಳನ್ನು ಅಲ್ಲೇ ಬೆಳೆಸುತ್ತಿದ್ದರು. ಎತ್ತುಗಳ ಬೆನ್ನಿಗೆ ಬಾಗಿಲ ಹಲಗೆ ಹಾಕಿ, ಅದರ ಮೇಲೆ ಹುಡುಗರನ್ನು ಕೂರಿಸಿ, ಕೈಗೆ ಕಲ್ಲಿನ ಬಟ್ಟಲು ಕೊಟ್ಟು ಶಿಲೋವಾ ಕೊಳಕ್ಕೆ ನೀರು ತರಲು ಕಳಿಸುತ್ತಿದ್ದರು. ಎಂಥ ಚಂದದ ಮೆರವಣಿಗೆ! ಮೈಲಿಗೆಯನ್ನು ಇಷ್ಟು ಶ್ರದ್ಧೆಯಿಂದ ಯೋಚಿಸಿದ ರಬ್ಬಿಗಳ ಬಗ್ಗೆ ನನಗೆ ಗೌರವವೇ ಇದೆ. ಅದು ಅವರ ಧರ್ಮ, ಅವರ ಗ್ರಂಥ. ಇಸ್ರೇಲಿನ ಮುಖ್ಯ ರಬ್ಬಿಗಳ ಮಂಡಳಿಯೂ ಈ ಮೈಲಿಗೆಯ ಕಾರಣಕ್ಕೇ ದೇವಾಲಯದ ಗುಡ್ಡ ಹತ್ತಬೇಡಿ ಎಂದು ತನ್ನ ಜನಕ್ಕೆ ಹೇಳುತ್ತ ಬಂದಿದೆ.

ನನಗೆ ಅರ್ಥವಾಗದ್ದು ಟೆಕ್ಸಾಸ್‌ನವರ ಉತ್ಸಾಹ. ಅವರ ಹೊಸ ಒಡಂಬಡಿಕೆಯಲ್ಲೇ, ಇಬ್ರಿಯರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ, ಹಸುವಿನ ಬೂದಿಗಿಂತ ಕ್ರಿಸ್ತನ ರಕ್ತ ಎಷ್ಟೋ ಹೆಚ್ಚು ಎಂದು ಬರೆದಿದೆ. ಅಂದಮೇಲೆ ಬೂದಿಯ ಗುತ್ತಿಗೆ ಇವರಿಗೇಕೆ? ಲೋಕ ಮುಗಿಯುವ ವೇಳಾಪಟ್ಟಿ ಇದೆಯಲ್ಲ, ಅದಕ್ಕೆ. ಯೆಹೂದಿಗಳು ನಾಡಿಗೆ ಮರಳಬೇಕು, ದೇವಾಲಯ ಏಳಬೇಕು, ಅದರಲ್ಲಿ ಕ್ರಿಸ್ತವಿರೋಧಿ ಬಂದು ಕೂರಬೇಕು, ಏಳು ವರ್ಷದ ಸಂಕಟ, ಆಮೇಲೆ ಹರ್ಮಗೆದೋನ್ ಎಂಬ ಕೊನೆಯ ಯುದ್ಧ. ಭಕ್ತರನ್ನು ಅದಕ್ಕೆ ಮುಂಚೆಯೇ ಆಕಾಶಕ್ಕೆ ಎತ್ತಿಕೊಳ್ಳಲಾಗುತ್ತದೆ, ಟಿಕೆಟ್ ಖಾತ್ರಿ. ಉಳಿದ ಯೆಹೂದಿಗಳ ಗತಿಗೆ ಜೆಕರ್ಯ 13:8 ತೆರೆದು ತೋರಿಸುತ್ತಾರೆ: ಮೂರರಲ್ಲಿ ಎರಡು ಪಾಲು ನಾಶ. ಬದುಕಿದ ಒಂದು ಪಾಲು ಯೇಸುವನ್ನು ಒಪ್ಪಿಕೊಳ್ಳಬೇಕು. ಪ್ರೀತಿ ಅಂದರೆ ಇದು!

ಯೆಹೂದಿಗಳಿಗೆ ಒಂದು ನೆಲೆ ಏಕೆ ಬೇಕಾಯಿತು ಎಂದು ತಿಳಿಯಲು ಯೂರೋಪಿನ ಚರಿತ್ರೆ ಸಾಕು, ಹಸುವಿನ ಬಾಲ ಬೇಡ. 2018ರ ಮೇ 14ರಂದು ಜೆರುಸಲೇಮಿನಲ್ಲಿ ಅಮೆರಿಕದ ರಾಯಭಾರ ಕಚೇರಿ ತೆರೆದಾಗ ಪ್ರಾರ್ಥನೆ ಹೇಳಲು ಕರೆಸಿದ್ದು ಯಾರನ್ನು? ಯೆಹೂದಿಯಾಗಿದ್ದುಕೊಂಡು ರಕ್ಷಣೆ ಸಿಗದು ಎಂದಿದ್ದ ಡಲ್ಲಾಸ್‌ನ ಪಾದ್ರಿ ಜೆಫ್ರೆಸ್ ಅವರನ್ನು, ಯೆಹೂದಿಗಳನ್ನು ನಾಡಿನತ್ತ ಅಟ್ಟಲು ದೇವರು ಕಳಿಸಿದ ಬೇಟೆಗಾರ ಹಿಟ್ಲರ್ ಎಂದು ಪ್ರಸಂಗ ಮಾಡಿದ್ದ ಸ್ಯಾನ್ ಆ್ಯಂಟೋನಿಯೊದ ಪಾದ್ರಿ ಹೇಗೀ ಅವರನ್ನು. ಮತ್ತೆ ಟೆಕ್ಸಾಸೇ. ಇಂಥ ಗೆಳೆಯರಿಗೆ ಕುರ್ಚಿ ಹಾಕಿ ಕೂರಿಸುವ ಇಸ್ರೇಲಿ ರಾಜಕಾರಣಿಗಳೂ ದಡ್ಡರಲ್ಲ, ವೇಳಾಪಟ್ಟಿಯ ಕೊನೆಯ ಸಾಲು ಅವರಿಗೂ ಗೊತ್ತು. ಮತ ಈಗ ಬರುತ್ತದೆ, ಪ್ರಳಯ ಆಮೇಲೆ ನೋಡಿಕೊಂಡರಾಯಿತು.

ಹಸುಗಳ ಕಥೆ ಹಾಸ್ಯವಾಗಿಯೇ ಉಳಿದಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ದೇವಾಲಯ ಏಳಬೇಕೆನ್ನುವ ಜಾಗದಲ್ಲಿ ಅಲ್ ಅಕ್ಸಾ ಮಸೀದಿಯ ಆವರಣವಿದೆ. 2024ರ ಜನವರಿಯಲ್ಲಿ ಹಮಾಸ್ ವಕ್ತಾರ ತನ್ನ ಯುದ್ಧದ ಭಾಷಣದಲ್ಲಿ ಈ ಕೆಂಪು ಹಸುಗಳನ್ನೇ ಎತ್ತಿ ಆಡಿದ. 2023ರ ಅಕ್ಟೋಬರ್ 7ರಂದು ಹಮಾಸ್ ಮಾಡಿದ ಕೊಲೆಗಳಿಗೆ ಹಸು ನೆಪವಾಗದು. ಆದರೆ ಬೆಂಕಿ ಹಚ್ಚುವವನ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟು, ನಾವು ಬರೀ ಸಾಕುಪ್ರಾಣಿ ಕಳಿಸಿದ್ದು ಅನ್ನುವವರಿಗೆ ಏನು ಹೇಳುವುದು?

ಇದರ ನಡುವೆ ಆ ನಾಡಿನಲ್ಲಿ ಕ್ರೈಸ್ತರೂ ಇದ್ದಾರೆ. ವೇಳಾಪಟ್ಟಿಯಲ್ಲಿ ಇಲ್ಲ, ಊರಿನಲ್ಲಿ ಇದ್ದಾರೆ, ಅಪೊಸ್ತಲರ ಕಾಲದಿಂದಲೂ. 2025ರ ಜುಲೈ ತಿಂಗಳನ್ನೇ ತೆಗೆದುಕೊಳ್ಳಿ. 17ರಂದು ಗಾಜಾದ ಪವಿತ್ರ ಕುಟುಂಬ ಚರ್ಚಿಗೆ ಇಸ್ರೇಲಿ ಶೆಲ್ ಬಡಿದು ಮೂವರು ಸತ್ತರು. ಪಶ್ಚಿಮ ದಂಡೆಯ ಕ್ರೈಸ್ತ ಹಳ್ಳಿ ತೈಬೆಯಲ್ಲಿ ಹಳೆಯ ಸೇಂಟ್ ಜಾರ್ಜ್ ಚರ್ಚಿನ ಪಕ್ಕ ಬೆಂಕಿ ಬಿತ್ತು, ಯೆಹೂದಿ ನೆಲಸಿಗರ ಕೆಲಸ ಎಂದು ಊರವರು ಅಂದರು. ಅದೇ ದಿನಗಳಲ್ಲಿ ಅಮೆರಿಕದ ರಾಯಭಾರಿ ಮೈಕ್ ಹಕಬಿ, ಸ್ವತಃ ಬ್ಯಾಪ್ಟಿಸ್ಟ್ ಪಾದ್ರಿ, ಇಸ್ರೇಲಿನ ಒಳಾಡಳಿತ ಸಚಿವರಿಗೆ ಖಾರವಾದ ಪತ್ರ ಬರೆದಿದ್ದರು. ಹೀಗೇ ಆದರೆ ಇಸ್ರೇಲ್ ಕ್ರೈಸ್ತರನ್ನು ಸ್ವಾಗತಿಸುವುದಿಲ್ಲ ಎಂದು ಬಹಿರಂಗವಾಗಿ ಸಾರಬೇಕಾದೀತು ಎಂಬ ಎಚ್ಚರಿಕೆ. ವಿಷಯ: ಅಮೆರಿಕದ ಸುವಾರ್ತಾ ಸಂಘಗಳಿಗೆ ವೀಸಾ ತಡವಾಗುತ್ತಿದೆ. ಅದು ಬೇಗನೆ ಬಗೆಹರಿಯಿತು. ತೈಬೆಗೂ ಹಕಬಿ ಹೋಗಿಬಂದರು, ಭಯೋತ್ಪಾದನೆ ಎಂದರು, ಅಪರಾಧಿಗಳಿಗೆ ಶಿಕ್ಷೆಯಾಗಬೇಕೆಂದರು. ಕೆಲವೇ ದಿನಗಳಲ್ಲಿ ಸ್ಪಷ್ಟನೆ ಬಂತು: ಇದು ಇಂಥವರದೇ ಕೆಲಸವೆಂದು ನಾನು ಹೇಳಿಲ್ಲ.