ಸರ್ವಾನುಮತದ ಗೌರವಧನ

ಚರಂಡಿ ದುರಸ್ತಿಗೆ ಹಣವಿಲ್ಲವೆಂದು ವಿಷಯವನ್ನು ಮತ್ತೆ ಮುಂದಿನ ಸಭೆಗೆ ತಳ್ಳಿದ ಅದೇ ನಗರಸಭೆ, ಸದಸ್ಯರ ಗೌರವಧನ ಹೆಚ್ಚಿಸುವ ಠರಾವನ್ನು ಮಾತ್ರ ಒಂದೇ ಉಸಿರಿನಲ್ಲಿ ಸರ್ವಾನುಮತದಿಂದ ಅಂಗೀಕರಿಸಿತೆಂದು (ಅಂದು ಯಾರೂ ಗೈರುಹಾಜರಾಗಿರಲಿಲ್ಲವಂತೆ) ಓದಿದ ಮೇಲೆ ಸುಮ್ಮನಿರುವುದಾದರೂ ಹೇಗೆ? ವರ್ಷವಿಡೀ ಪರಸ್ಪರ ಮುಖ ನೋಡದ ಪಕ್ಷಗಳು ಅಣ್ಣತಮ್ಮಂದಿರಾಗುವುದು ಇದೊಂದು ವಿಷಯಕ್ಕೆ. ಗೌರವಧನವೆಂಬುದು ಬರಿಯ ಪೀಠಿಕೆ. ಅದರ ಹಿಂದೆಯೇ ಸಭಾ ಭತ್ಯೆ, ಪ್ರಯಾಣ ಭತ್ಯೆ, ದೂರವಾಣಿ ಭತ್ಯೆ, ಸಮಿತಿಯ ಅಧ್ಯಕ್ಷರಿಗೆ ವಿಶೇಷ ಭತ್ಯೆ, ಆ ಸಮಿತಿಗಳೋ ಮಳೆಗಾಲದ ಅಣಬೆಗಳಂತೆ ಏಳುತ್ತಲೇ ಇರುತ್ತವೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಚಹಾ ಮುಗಿಸಿ, ಹಿಂಬಾಗಿಲಿನಿಂದ ಮಾಯವಾದವರಿಗೂ ಸಭಾ ಭತ್ಯೆ ಪೂರ್ತಿ! ಸ್ವತಂತ್ರ ಸಮಿತಿಯೊಂದು ಹೆಚ್ಚಿಸಿರೆಂದರೆ ಅದು ತಜ್ಞರ ಶಿಫಾರಸು, ಬೇಡವೆಂದರೆ ಕೇವಲ ಸಲಹೆ. ತನ್ನ ಸಂಬಳವನ್ನು ತಾನೇ ಮಂಡಿಸಿ, ತಾನೇ ಅನುಮೋದಿಸಿ, ತಾನೇ ಮೇಜು ಕುಟ್ಟಿ ಸ್ವಾಗತಿಸುವ ಭಾಗ್ಯ ಬೇರೆ ಯಾವ ದುಡಿಮೆಗಾರನಿಗುಂಟು?